ಚಂಪಕ್ಕನ ಗೋಡೆಯವಳು

ನಾನು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಏನು ತಂದುಕೊಟ್ಟರೂ ಚೌಕ ಚೌಕ ಕತ್ತರಿಸಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನತನಕ ಹೊಲಿಗೆ ಹಾಕಿ ಕೊಡುತ್ತೇನೆ. ನಮ್ಮ ಓಣಿಯಲ್ಲಿ ನನ್ನ ಕೈಯ ಕೌದಿ ಇಲ್ಲದ ಮನೆ ಇಲ್ಲ. ಇದನ್ನು ಮೊದಲೇ ಯಾಕೆ ಹೇಳಿದೆನೆಂದರೆ, ನಾನು ಕೈಲಾಗದವಳಲ್ಲ, ಮೈಗಳ್ಳಿಯೂ ಅಲ್ಲ. ನನ್ನ ತಪ್ಪು ಬೇರೆ ಥರದ್ದು. ಅದನ್ನು ಹೇಳುವಾಗ ಯಾರೂ ನಡುವೆ ಬಾಯಿ ಹಾಕಿ, ಪಾಪ, ಆಕೆಗೆ ಗೊತ್ತಾಗಿರಲಿಕ್ಕಿಲ್ಲ ಬಿಡು ಅನ್ನಬಾರದು. ನನಗೆ ಗೊತ್ತಿತ್ತು.

ನಮ್ಮೂರಲ್ಲಿ ಚಿಂತೆ ಹತ್ತಿದವರ ತಲೆ ಸಪ್ಪಳ ಮಾಡುತ್ತದೆ. ಕರೆಂಟಿನ ಕಂಬಕ್ಕೆ ಕಿವಿ ಕೊಟ್ಟರೆ ಕೇಳುತ್ತದಲ್ಲ, ಆ ಥರದ ಗುಂಯ್ ಅನ್ನುವ ಸಪ್ಪಳ. ಸಣ್ಣ ಚಿಂತೆಯಾದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ, ದೊಡ್ಡದಾದರೆ ಗೋಡೆ ದಾಟುತ್ತದೆ. ಪರೀಕ್ಷೆಯ ದಿನ ಸಾಲಿಯ ಮುಂದೆ ಹಾದು ಹೋಗುವವರು ಕಿವಿ ಮುಚ್ಚಿಕೊಂಡೇ ಹೋಗಬೇಕು. ಹೆಣ್ಣು ನೋಡಲು ಬಂದ ಗಂಡಿನ ತಲೆ ಸಪ್ಪಳ ಮಾಡಿದರೆ, ಹುಡುಗ ಒಳ್ಳೆಯವನೇ ಇರಬೇಕು, ಹೆದರಿಕೆ ಇದೆ ಎಂದು ಹೆಣ್ಣಿನ ಕಡೆಯವರು ಒಳಗೊಳಗೇ ನಕ್ಕು ಇನ್ನೊಂದು ಬಟ್ಟಲು ಚಹಾ ಕೊಡುತ್ತಾರೆ. ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು ಮೊದಮೊದಲು ಗಾಬರಿಯಾಗುತ್ತಾರೆ. ಆರು ತಿಂಗಳಿಗೆ ಅವರ ತಲೆಯೂ ಶುರುವಾಗುತ್ತದೆ, ಆಮೇಲೆ ನಮ್ಮವರೇ ಆಗುತ್ತಾರೆ.

ಇದಕ್ಕೆ ಗುಳಿಗೆ ಇಲ್ಲ, ಕಷಾಯ ಇಲ್ಲ. ಒಬ್ಬರು ಹೋಗಿ ಪಕ್ಕದಲ್ಲಿ ಕೂರಬೇಕು, ಅಷ್ಟೇ. ಹೆಗಲಿಗೆ ಹೆಗಲು ತಾಗುವ ಹಾಗೆ, ತಮ್ಮದೊಂದು ಕೆಲಸ ಜೊತೆಗೆ ತಂದುಕೊಂಡು ಕೂರಬೇಕು. ಒಬ್ಬರು ಅವರೆಕಾಯಿ ಬಿಡಿಸುತ್ತಾರೆ, ಒಬ್ಬರು ಬತ್ತಿ ಹೊಸೆಯುತ್ತಾರೆ. ಕೂತು ಸ್ವಲ್ಪ ಹೊತ್ತಿಗೆ ಸಪ್ಪಳ ಇಳಿಯತೊಡಗುತ್ತದೆ. ನಮ್ಮ ಸರ್ಕಾರಿ ದವಾಖಾನೆಯ ಡಾಕ್ಟ್ರಮ್ಮ ಹೇಳುತ್ತಿದ್ದದ್ದು ಇಷ್ಟು: ಮೆದುಳು ಒಂಟಿಯಾದರೆ ಸಣ್ಣ ದಿಬ್ಬವನ್ನೂ ಗುಡ್ಡ ಮಾಡಿ ನೋಡುತ್ತದೆ, ಪಕ್ಕದಲ್ಲಿ ಒಂದು ಜೀವ ಇದೆ ಅಂತ ಗೊತ್ತಾದರೆ ಸಾಕು, ದಿಬ್ಬವನ್ನು ದಿಬ್ಬದ ಹಾಗೇ ನೋಡುತ್ತದೆ. ಆಕೆ ಓದಿ ತಿಳಿದದ್ದನ್ನು ನಾವು ಕೂತು ಕೂತು ತಿಳಿದಿದ್ದೆವು.

ಕೂರುವುದಕ್ಕೂ ರೀತಿ ರಿವಾಜು ಇವೆ. ಮೊದಲ ಹಕ್ಕು ಗೋಡೆಯವರದು, ಅಂದರೆ ಯಾರ ಮನೆಯ ಗೋಡೆ ನಿಮ್ಮ ಗೋಡೆಗೆ ಕೂಡಿದೆಯೋ ಅವರದು. ಅವರಿಗೆ ಆಗದಿದ್ದರೆ ಮುಂದಿನ ಮನೆಗೆ ಹೋಗಿ, ನನಗೆ ಆಗುವುದಿಲ್ಲ, ನೀವು ಹೋಗಿ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದ ಹೊರತು ಬೇರೆಯವರು ನುಗ್ಗುವಂತಿಲ್ಲ, ಯಾಕೆಂದರೆ ನಾಲ್ಕು ಜನ ಸೇರಿದರೆ ಮಾತು ಶುರುವಾಗುತ್ತದೆ, ಮಾತು ಶುರುವಾದರೆ ಸಪ್ಪಳ ಏರುತ್ತದೆ. ಕೂತವರು ಯಾಕೆ ಚಿಂತೆ ಅಂತ ಕೇಳಬಾರದು. ಕೂತು ಎದ್ದು ಬಂದ ಮೇಲೆ, ನಾನು ಇಂಥವರ ಹತ್ತಿರ ಕೂತಿದ್ದೆ ಅಂತ ಹೊರಗೆ ಆಡಬಾರದು. ತಿಂಗಳುಗಟ್ಟಲೆ ಯಾರೂ ಕೂರದೇ ಹೋದರೆ ಸಪ್ಪಳ ಒಮ್ಮೆಲೇ ಕಡಿದು ನಿಲ್ಲುತ್ತದೆ. ಅಂಥವರನ್ನು ಆರಿದವರು ಅನ್ನುತ್ತೇವೆ. ಅವರು ಉಣ್ಣುತ್ತಾರೆ, ತಿರುಗುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಆದರೆ ಮುಂದೆ ಯಾವುದಕ್ಕೂ ಅವರಿಗೆ ಚಿಂತೆಯಿಲ್ಲ, ಖುಷಿಯೂ ಇಲ್ಲ. ನಾನು ಸಣ್ಣವಳಿದ್ದಾಗ ಕುಂಬಾರ ಓಣಿಯಲ್ಲಿ ಅಂಥವನೊಬ್ಬನಿದ್ದ. ಮಗಳ ಮದುವೆಯ ದಿನ ಅಕ್ಕಿಕಾಳು ಕೈಯಲ್ಲಿ ಹಿಡಿದು, ಇದನ್ನು ಯಾವಾಗ ಹಾಕಬೇಕು ಅಂತ ಪಕ್ಕದವರನ್ನು ಕೇಳುತ್ತಿದ್ದ.

ಚಂಪಕ್ಕ ನನ್ನ ಗೋಡೆಯವಳು, ನಾನು ಆಕೆಯ ಗೋಡೆಯವಳು. ಆಕೆಯ ಮನೆ ಓಣಿಯ ಕೊನೆಯದು, ಆಚೆ ಬರೀ ಬಯಲು. ಹಾಗಾಗಿ ಆಕೆಗೆ ನನ್ನ ಬಿಟ್ಟರೆ ಬೇರೆ ಗೋಡೆಯಿಲ್ಲ, ನನ್ನ ಇನ್ನೊಂದು ಮಗ್ಗುಲಿಗೆ ಗಲ್ಲಿ, ನನಗೂ ಆಕೆಯೊಬ್ಬಳೇ. ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ಮುಂಜಾನೆ ಆಕೆಯ ಕೈಯ ಬಡಿತ ಶುರುವಾದರೆ ನಾನು ಏಳುತ್ತಿದ್ದೆ. ಮಕ್ಕಳಿಲ್ಲ. ಗಂಡ ರಾಚಪ್ಪ ಬೋರ್‌ವೆಲ್ ಲಾರಿಯ ಮೇಲೆ ದುಡಿಯುವವನು, ಎರಡು ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುತ್ತಿದ್ದ. ನಮ್ಮಿಬ್ಬರ ಹಿತ್ತಲಿಗೆ ನಡುವೆ ಒಂದು ಮೋಟುಗೋಡೆ, ಅದರಲ್ಲಿ ಒಬ್ಬರು ನುಸುಳುವಷ್ಟು ಸಂದು. ಇಪ್ಪತ್ತು ವರ್ಷ ಆ ಸಂದಿನಲ್ಲಿ ಸಾರು, ಪಲ್ಯ, ಜಗಳ, ನಗು ಎಲ್ಲ ಅತ್ತಿತ್ತ ಓಡಾಡಿದ್ದವು.

ಮೂರು ವರ್ಷದ ಕೆಳಗೆ ನನ್ನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಗಲದ ಕೂಸು, ಜಿಲ್ಲಾ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ. ಬೀಗರು ಅಲ್ಲೇ ಇದ್ದರು, ಒಬ್ಬರಿಗಿಂತ ಹೆಚ್ಚು ಜನ ಬೇಡ ಅಂತ ನನ್ನನ್ನು ವಾಪಸ್ ಕಳಿಸಿದರು. ಮನೆಗೆ ಬಂದು ಕೂತೆ, ತಲೆ ಶುರುವಾಯಿತು. ನಾನಾದರೋ ಊರಿಗೆಲ್ಲ ಹೋಗಿ ಕೂತು ಬಂದವಳು. ನನ್ನ ಹತ್ತಿರ ಯಾರಾದರೂ ಬಂದು ಕೂರುವ ಪ್ರಸಂಗ ಬಂದಿರಲಿಲ್ಲ, ಅದು ನನಗೆ ದೊಡ್ಡ ಹೆಮ್ಮೆ. ಚಂಪಕ್ಕ ಮೊರದಲ್ಲಿ ಜೋಳ ಹಾಕಿಕೊಂಡು ಸಂದಿನಿಂದ ಬಂದಳು. ಬೇಡ ಹೋಗು ಅಂದೆ. ಆಕೆ ಕೇಳಿಸಿಕೊಳ್ಳದವಳ ಹಾಗೆ ಪಕ್ಕದಲ್ಲಿ ಕೂತು ಹರಳು ಆರಿಸತೊಡಗಿದಳು. ನಲವತ್ತು ದಿನ ಬಂದಳು. ಒಂದು ದಿನವೂ ಏನು, ಎಂತು ಅಂತ ಕೇಳಲಿಲ್ಲ. ನಲವತ್ತೊಂದನೆಯ ದಿನ ಕೂಸು ಮನೆಗೆ ಬಂತು. ಆ ಕೂಸು ಈಗ ನನ್ನ ಸೂಜಿಪೆಟ್ಟಿಗೆ ಕದ್ದು ಓಡುತ್ತದೆ.

ಹೋದ ವರ್ಷ ಎದುರು ಮನೆಯ ಅಂಬಕ್ಕನ ಸೊಸೆಯ ಕುಬಸ. ಓಣಿಯ ಹೆಂಗಸರೆಲ್ಲ ಸೇರಿದ್ದೆವು. ಬಸುರಿಯ ಉಡಿ ತುಂಬುವ ಹೊತ್ತಿಗೆ ಹಾಡು ನಿಂತು ಒಂದು ಗಳಿಗೆ ಮೌನ ಇತ್ತು. ಆಗ ಚಂಪಕ್ಕ ಪಕ್ಕದಲ್ಲಿದ್ದ ಹುಡುಗಿಯೊಬ್ಬಳಿಗೆ ಹೇಳಿದ್ದು ಇಡೀ ಪಡಸಾಲೆಗೆ ಕೇಳಿಸಿತು. "ನಿಮ್ಮಕ್ಕನ ಹತ್ರ ಹೋಗಿ ಕುಂದ್ರು, ಬ್ಯಾಸರ ಮಾಡ್ಕೋಬ್ಯಾಡ. ದೇಮಕ್ಕನ ಸಪ್ಪಳ ಅಷ್ಟ ಜೋರ ಇತ್ತು, ನಲವತ್ತ ದಿನ ಕುಂತಿನ್ನಿ, ಇಳೀಲಿಲ್ಲೇನ?" ಎಲ್ಲರ ಮುಖ ನನ್ನ ಕಡೆ ತಿರುಗಿತು. ಯಾರೋ ಕೆಮ್ಮಿದರು. ಅಂಬಕ್ಕ ಅವಸರದಿಂದ ಹೊಸ ಹಾಡು ಎತ್ತಿಕೊಂಡಳು. ಚಂಪಕ್ಕ ಮಾತ್ರ ಏನೂ ಆಗದವಳ ಹಾಗೆ ತಾಂಬೂಲ ಮಡಚುತ್ತಿದ್ದಳು. ಅದೇ ನನಗೆ ಹೆಚ್ಚು ಉರಿದದ್ದು. ಆಡಬಾರದ್ದನ್ನು ಆಡಿ, ಮೇಲೆ ಇಷ್ಟು ನಿರುಮ್ಮಳ.

ಅಂದಿನಿಂದ ಮಾತು ಬಿಟ್ಟೆ. ಹಿತ್ತಲಿನ ಸಂದಿಗೆ ಒಂದು ಹಳೆಯ ತಗಡು ಅಡ್ಡ ಇಟ್ಟೆ. ಮರುದಿನ ಆಕೆ ಆ ಕಡೆಯಿಂದ ಕರೆದಳು, ಓಗೊಡಲಿಲ್ಲ. ಮೂರು ದಿನ ಕರೆದು ಸುಮ್ಮನಾದಳು. ತಪ್ಪಾಯಿತು ಅಂತ ಬಂದು ಕೇಳಲಿ, ಆಮೇಲೆ ನೋಡೋಣ ಅಂತ ನಾನು. ಏನು ತಪ್ಪು ಅಂತಲೇ ಆಕೆಗೆ ಗೊತ್ತಿಲ್ಲದಿರಬಹುದು ಅಂತ ಒಂದು ದಿನವೂ ಹೊಳೆಯಲಿಲ್ಲ. ಸಿಟ್ಟಿಗೆ ಎಲ್ಲಿಯ ಬುದ್ಧಿ?

ಒಂದು ತಿಂಗಳಿಗೆ ಗೋಡೆಯಾಚೆ ಸಪ್ಪಳ ಶುರುವಾಯಿತು. ಮೊದಲ ದಿನ ಕೇಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಬರಲಿ ಈಗ, ಗೊತ್ತಾಗಲಿ ಅಂದುಕೊಂಡೆ. ಎರಡನೆಯ ವಾರಕ್ಕೆ ಅದು ನನ್ನ ಕೌದಿಯ ಹಲಗೆಯವರೆಗೂ ಬಂತು, ಸೂಜಿ ಹಿಡಿದ ಬೆರಳಿಗೆ ತಾಗುವಷ್ಟು. ರೊಟ್ಟಿ ಬಡಿಯುವ ಸದ್ದಿನ ಲಯ ತಪ್ಪತೊಡಗಿತು. ನಾನು ಕೌದಿ ಎತ್ತಿಕೊಂಡು ಮುಂಬಾಗಿಲ ಕಟ್ಟೆಗೆ ಹೋಗಿ ಕೂತೆ.

ಅಲ್ಲಿ ಅಂಬಕ್ಕ ಹಿಡಿದಳು. ಆಕೆ ಒಳ್ಳೆಯ ಹೆಂಗಸು, ರಿವಾಜು ಬಿಟ್ಟು ಒಂದು ಹೆಜ್ಜೆ ಇಡುವವಳಲ್ಲ. ಚಂಪಕ್ಕನ ಸಪ್ಪಳ ಇನ್ನೂ ಇಳಿದಿಲ್ಲವಲ್ಲ, ನೀ ಹೋಗುತ್ತಿದ್ದೀಯೋ ಇಲ್ಲವೋ ಅಂತ ಕೇಳಿದಳು. ಆಗ ನನಗೆ ಎರಡು ದಾರಿ ಇದ್ದವು. ಇಲ್ಲ, ನನಗೆ ಆಗುವುದಿಲ್ಲ, ನೀ ಹೋಗು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಊರಿಗೆಲ್ಲ ಕೂರುವ ದೇಮಕ್ಕ ತನ್ನ ಗೋಡೆಯವಳಿಗೇ ಕೂರಲಿಲ್ಲ ಅಂತ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ನಲವತ್ತು ದಿನದ ಮಾತು ಮತ್ತೆ ಏಳುತ್ತಿತ್ತು.

"ದಿನಾ ಹೊಕ್ಕೀನಿ," ಅಂದೆ. "ಹಿತ್ತಲ ಕಡಿಂದ."

"ಇನ್ನೂ ಇಳೀವಲ್ಲದಲ್ಲ. ಒಂದೆರಡ ದಿನಾ ನಾ ಹೋಗ್ಲ್ಯಾ?"

"ಬ್ಯಾಡ. ನಾ ಅದೀನಲ್ಲ."

ಅಂಬಕ್ಕ ತಲೆಯಾಡಿಸಿ ಹೋದಳು. ನಾನು ಇದ್ದೇನೆ ಅಂದ ಮೇಲೆ ಆಕೆ ಯಾಕೆ ಸಂಶಯಪಡಬೇಕು? ಮೂರನೆಯ ವಾರ ಕೇಳಿದಳು, ಐದನೆಯ ವಾರ ಕೇಳಿದಳು. ಎರಡು ಸಲವೂ ಅದೇ ಉತ್ತರ. ಒಮ್ಮೆ ಹೇಳಿದ ಸುಳ್ಳನ್ನು ನಿಜ ಮಾಡುವುದು ನನ್ನ ಕೈಯಲ್ಲೇ ಇತ್ತು. ತಗಡು ಸರಿಸಿ ನಾಲ್ಕು ಹೆಜ್ಜೆ ಹೋಗಬೇಕಿತ್ತು, ಅಷ್ಟೇ. ಎಷ್ಟೋ ಸಲ ಕೌದಿ ಸುತ್ತಿಕೊಂಡು ಹಿತ್ತಲಿಗೆ ಹೋಗಿ ನಿಂತಿದ್ದೇನೆ. ತಗಡಿನ ಮೇಲೆ ಕೈ ಇಟ್ಟಿದ್ದೇನೆ. ಆಕೆಯೇ ಒಂದು ಸಲ ಕೂಗಲಿ ಅಂತ ಕಾದು ವಾಪಸ್ ಬಂದಿದ್ದೇನೆ. ಆಕೆ ಆರಿ ಹೋದರೆ ಎಂಬ ಹೆದರಿಕೆ ಇರಲಿಲ್ಲವೆಂದಲ್ಲ, ಇತ್ತು. ನಾಳೆ ಹೋದರಾಯಿತು, ಇನ್ನೂ ಹೊತ್ತಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನಾಳೆ ನಾಳೆ ಅನ್ನುತ್ತ ಐವತ್ತೆಂಟು ದಿನ ಕಳೆದೆ.

ಐವತ್ತೊಂಬತ್ತನೆಯ ದಿನ ಮಧ್ಯಾಹ್ನ ರಾಚಪ್ಪ ಬಂದ. ತನ್ನ ಮನೆಗೆ ಹೋಗುವ ಮೊದಲು ನನ್ನ ಕಟ್ಟೆಗೆ ಬಂದು, ಚಪ್ಪಲಿ ಕಳಚಿ, ಕೈ ಮುಗಿದು ನಿಂತ. ಮೈತುಂಬ ಬೋರಿನ ಬಿಳಿ ಧೂಳು.

"ಅಕ್ಕಾರ, ನಿಮ್ಮ ಉಪಕಾರ ಮರಿಯೂದಿಲ್ಲ ನಾ," ಅಂದ. "ಅಂಬಕ್ಕಾರು ಫೋನಿನ್ಯಾಗ ಹೇಳಿದ್ರು, ದೇಮಕ್ಕ ದಿನಾ ಹೋಗಿ ಕುಂದರ್ತಾಳ, ನೀ ಕಾಳಜಿ ಮಾಡಬ್ಯಾಡ ಅಂತ. ಇಲ್ಲಾಂದ್ರ ನಾ ಎಂದೋ ಲಾರಿ ಬಿಟ್ಟ ಬರ್ತಿದ್ದೆ."

ಆತ ಕಟ್ಟೆಯ ಮೇಲೆ ಕೂತು ಉಳಿದದ್ದನ್ನೂ ಹೇಳಿದ. ಕೇಳಬಾರದ್ದನ್ನು ನಾನು ಕೇಳಿರಲಿಲ್ಲ, ಆತನೇ ಹೇಳಿದ. ಚಂಪಕ್ಕನ ಕಿವಿ ಹೋಗುತ್ತಿದೆ. ವರ್ಷ ಆಯಿತಂತೆ. ಮೊದಲು ಎಡಗಿವಿ, ಆಮೇಲೆ ಬಲಗಿವಿ. ತಾನು ಎಷ್ಟು ಜೋರಾಗಿ ಮಾತಾಡುತ್ತೇನೆ ಅಂತ ಆಕೆಗೇ ತಿಳಿಯುವುದಿಲ್ಲ, ಪಿಸುಗುಟ್ಟಿದೆ ಅಂತ ತಿಳಿದು ಕೂಗಿಬಿಡುತ್ತಾಳೆ. ಯಾರಿಗೂ ಹೇಳಬೇಡ ಅಂತ ಗಂಡನ ಕೈಯಿಂದ ಆಣೆ ಮಾಡಿಸಿಕೊಂಡಿದ್ದಳು. ಬೇರೆ ಊರಾಗಿದ್ದರೆ ಕಿವುಡು ಅಂದರೆ ಕಿವುಡು, ಅಷ್ಟೇ. ನಮ್ಮೂರಲ್ಲಿ ಹಾಗಲ್ಲ. ಗೋಡೆಯವಳ ಸಪ್ಪಳ ಕೇಳದವಳು ಗೋಡೆಯವಳಾಗಿ ಹೇಗೆ ಇದ್ದಾಳು? ದೇಮಿಯ ತಲೆ ಸಪ್ಪಳ ಮಾಡಿದರೆ ನನಗೆ ಗೊತ್ತಾಗಲಿಕ್ಕಿಲ್ಲವಲ್ಲ, ಆಕೆ ಒಬ್ಬಳೇ ಕೂತುಬಿಟ್ಟಾಳಲ್ಲ ಅಂತ ಅತ್ತಿದ್ದಳಂತೆ. ಈಗ ಆತ ಕಿವಿಗೆ ಮಶೀನು ಹಾಕಿಸಲು ಕರೆದುಕೊಂಡು ಹೋಗಲೆಂದು ಬಂದಿದ್ದ.

ಕುಬಸದ ಪಡಸಾಲೆ ಕಣ್ಣ ಮುಂದೆ ಬಂತು. ಆ ಹುಡುಗಿಯ ಕಿವಿಯ ಹತ್ತಿರ ಬಾಗಿ, ಕೈ ಅಡ್ಡ ಹಿಡಿದು ಹೇಳಿದ್ದಳು ಚಂಪಕ್ಕ. ಕೈ ಅಡ್ಡ ಹಿಡಿದದ್ದನ್ನು ನಾನು ನೋಡಿದ್ದೆ. ನೋಡಿಯೂ ಸಿಟ್ಟಾಗಿದ್ದೆ.

ರಾಚಪ್ಪನನ್ನು ಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಓಡಿದೆ. ಕೈಗೆ ಸಿಕ್ಕ ಅರ್ಧ ಕೌದಿ ಎತ್ತಿಕೊಂಡು ಹಿತ್ತಲಿಗೆ ಬಂದು ತಗಡು ಕಿತ್ತು ಬಿಸಾಕಿದೆ. ಅಂಗೈ ಕುಯ್ದುಕೊಂಡದ್ದು ಆಮೇಲೆ ಗೊತ್ತಾಯಿತು. ಚಂಪಕ್ಕ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು, ಹಿಟ್ಟು ನಾದಿ ಹಾಗೇ ಬಿಟ್ಟಿದ್ದಳು. ಸಪ್ಪಳ ಎಷ್ಟಿತ್ತೆಂದರೆ ಗೂಡಿನ ಮೇಲಿನ ಸ್ಟೀಲಿನ ಡಬ್ಬಿಗಳು ಒಂದಕ್ಕೊಂದು ತಾಗಿ ಅದುರುತ್ತಿದ್ದವು. ಆಕೆಗೆ ಮಾತ್ರ ಅದು ಕೇಳುತ್ತಿರಲಿಲ್ಲ. ನೆಲಕ್ಕೆ ಚಾಪೆ ಹಾಸಿತ್ತು, ಇಬ್ಬರು ಕೂರುವ ದೊಡ್ಡ ಚಾಪೆ. ಆಕೆ ಅದರ ಒಂದು ತುದಿಗೆ ಕೂತಿದ್ದಳು. ನನ್ನ ನೆರಳು ಬಿದ್ದಾಗ ತಲೆ ಎತ್ತಿ ನೋಡಿದಳು.

"ಬಂದ್ಯಾ?" ಅಂದಳು.

ಅಷ್ಟೇ ಅಂದಳು. ಆ ಮುಖದಲ್ಲಿ ಬಂದ ಬೆಳಕು ನೋಡಲಾರದೆ ನಾನು ಪಕ್ಕದಲ್ಲಿ ಕುಕ್ಕರಿಸಿದೆ, ಹೆಗಲಿಗೆ ಹೆಗಲು ಆನಿಸಿದೆ. ಆಕೆಯ ಸಪ್ಪಳ ನನ್ನ ಎಲುಬಿನೊಳಗೆ ಇಳಿಯಿತು. ಕೌದಿ ಬಿಡಿಸಿ ಸೂಜಿಗೆ ದಾರ ಹಾಕಲು ನೋಡಿದೆ, ಸೂಜಿಯ ಕಣ್ಣೇ ಸಿಗಲಿಲ್ಲ. ಆಕೆ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟಳು. ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ಡಬ್ಬಿಗಳು ಸುಮ್ಮನಾದವು. ಇಳಿಯುತ್ತದೆ, ಇಳಿಯುತ್ತದೆ, ದೇವರು ದೊಡ್ಡವನು ಅಂತ ನಾನು ಹೊಲಿಗೆಯ ಮೇಲೆ ಹೊಲಿಗೆ ಹಾಕಿದೆ. ಎರಡು ಸಾಲು ಹಾಕಿದ್ದೆನೋ ಏನೋ, ಟಕ್ ಅಂತ ಸಪ್ಪಳ ನಿಂತಿತು.

ಇಳಿದು ನಿಲ್ಲುವುದು ಬೇರೆ, ಕಡಿದು ನಿಲ್ಲುವುದು ಬೇರೆ. ನಮ್ಮೂರಿನ ಸಣ್ಣ ಮಕ್ಕಳಿಗೂ ಆ ವ್ಯತ್ಯಾಸ ಗೊತ್ತು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಆಕೆ ನನ್ನ ಹೆಗಲಿನಿಂದ ಮೆಲ್ಲಗೆ ಸರಿದು, ಹಿಟ್ಟು ಒಣಗಾಕತ್ತೈತಿ ಅಂದು, ಎದ್ದು ಒಲೆಗೆ ಪುಳ್ಳೆ ತುರುಕಿದಳು. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿ, ಬಂದ್ರ್ಯಾ ಅಂತ ಕೇಳಿದಳು. ನನ್ನನ್ನು ಕೇಳಿದ್ದೂ ಅದೇ ಮಾತು. ಆದರೆ ಈ ಸಲ ಮುಖ ಗೋಡೆಯ ಹಾಗಿತ್ತು.

ಆ ದಿನವೇ ಅಂಬಕ್ಕನ ಪಡಸಾಲೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಂದು ದಿನವೂ ಹೋಗಿರಲಿಲ್ಲ ಅಂತ. ಮೂರು ಸಲ ಕೇಳಿದ್ದೆನಲ್ಲ ಅಂದಳು ಅಂಬಕ್ಕ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ರಾಚಪ್ಪನಿಗೆ ನಾನೇ ಹೋಗಿ ಹೇಳಿದೆ. ಆತ ನಾನು ಹೇಳುವುದನ್ನು ಪೂರ್ತಿ ಕೇಳಿದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂತ ನಿಂತಿದ್ದೆ. ಆತ, ಮತ್ತ ಹಂಗಾರ ಆ ಚಾಪಿ, ಅಂತ ಮಾತು ಶುರುಮಾಡಿ ಮುಗಿಸಲಾರದೆ ಹೊರಗೆ ನಡೆದ. ಈಗ ಲಾರಿ ಬಿಟ್ಟು ಊರಲ್ಲೇ ಪಂಪು ರಿಪೇರಿ ಮಾಡಿಕೊಂಡಿದ್ದಾನೆ. ನನ್ನ ಕಟ್ಟೆಯ ಮುಂದೆ ಹಾಯುವಾಗ ಬೇರೆ ಕಡೆಗೆ ಮುಖ ಮಾಡಿ ಹೋಗುತ್ತಾನೆ.

ಚಂಪಕ್ಕನಿಗೆ ಕಿವಿಯ ಮಶೀನು ಬಂದಿದೆ. ಸಣ್ಣ ಸದ್ದೂ ಚೆನ್ನಾಗಿ ಕೇಳುತ್ತದೆ. ರೊಟ್ಟಿ ಬಡಿಯುತ್ತಾಳೆ, ಲಯ ತಪ್ಪುವುದಿಲ್ಲ, ಮೊದಲಿಗಿಂತ ದುಂಡಗೆ ಬರುತ್ತವೆ. ಅಂಬಕ್ಕನ ಮೊಮ್ಮಗನನ್ನು ತೊಡೆಯ ಮೇಲೆ ಇಟ್ಟರೆ ಇಟ್ಟುಕೊಳ್ಳುತ್ತಾಳೆ, ಎತ್ತಿಕೊಂಡು ಹೋದರೆ ಬಿಡುತ್ತಾಳೆ. ಮಶೀನು ಹಾಕಿದ ಮರುದಿನ ಆಕೆಯ ಮುಂದೆ ಕೂತು ನಾನು ಎಲ್ಲ ಒಪ್ಪಿಕೊಂಡೆ. ತಗಡು ಇಟ್ಟದ್ದು, ಸುಳ್ಳು ಹೇಳಿದ್ದು, ಮೊದಲ ದಿನ ಸಮಾಧಾನಪಟ್ಟದ್ದೂ. ಆಕೆಯ ಕಾಲು ಹಿಡಿದೆ. ಆಕೆ ಮಾತು ಮುಗಿಯುವ ತನಕ ಕೇಳಿ, ಹೂಂ, ಆಗ್ಲಿ ಬಿಡು ಅಂದಳು, ಚಹಾ ಕುಡಿಯುತ್ತೀಯಾ ಅಂತ ಕೇಳಿದಳು. ಹಳೆಯ ಚಂಪಕ್ಕನಾಗಿದ್ದರೆ ಕಟ್ಟಿಗೆ ತೆಗೆದುಕೊಂಡು ಹಿತ್ತಲ ತುಂಬ ಅಟ್ಟಾಡಿಸುತ್ತಿದ್ದಳು, ವರ್ಷವಿಡೀ ಮಾತು ಬಿಡುತ್ತಿದ್ದಳು. ಅದನ್ನೇ ಬೇಡಿಕೊಂಡು ಬಂದವಳು ನಾನು. ಕ್ಷಮೆ ಸಿಕ್ಕಿತು, ಅದರಲ್ಲಿ ಏನೂ ಇರಲಿಲ್ಲ.

ದಿನಾ ಹೋಗಿ ಕೂರುತ್ತೇನೆ. ಇಳಿಸಲು ಆಕೆಯಲ್ಲಿ ಸಪ್ಪಳವೇ ಇಲ್ಲ, ಆದರೂ ಕೂರುತ್ತೇನೆ. ವರ್ಷಗಟ್ಟಲೆ ಕೂತರೆ ಏನಾದರೂ ಮರಳೀತೋ ಏನೋ, ತಾನು ಕಂಡಿಲ್ಲ ಅಂತ ಡಾಕ್ಟ್ರಮ್ಮ ಅಂದಿದ್ದಾಳೆ. ಈ ನಡುವೆ ನನ್ನ ತಲೆಯೇ ಸಪ್ಪಳ ಮಾಡುತ್ತಿದೆ. ಓಣಿಯಲ್ಲಿ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ರಿವಾಜಿನ ಪ್ರಕಾರ ನನ್ನ ಗೋಡೆಯವಳನ್ನು ಕೇಳಬೇಕಲ್ಲ, ಅಂಬಕ್ಕ ಹೋಗಿ ಆಕೆಯನ್ನೇ ಕೇಳಿದಳಂತೆ. ನಾ ಕುಂದರ್ತೀನಿ ಅಂದಳಂತೆ ಚಂಪಕ್ಕ.

ನಿನ್ನೆ ಮಧ್ಯಾಹ್ನ ಮೊರದಲ್ಲಿ ಜೋಳ ಹಾಕಿಕೊಂಡು ಬಂದಳು. ಪಕ್ಕದಲ್ಲಿ ಕೂತಳು. ಹೆಗಲು ತಾಗಿಸಿದಳು, ಎಷ್ಟು ತಾಗಿಸಬೇಕೋ ಅಷ್ಟೇ. ಆ ಹೆಗಲು ಬೆಚ್ಚಗಿತ್ತು, ಆದರೆ ಅದರಿಂದ ನನಗೆ ಏನೂ ಬರಲಿಲ್ಲ. ನನ್ನ ಸಪ್ಪಳ ಒಂದೇ ಸಮ ಗುಂಯ್ ಅನ್ನುತ್ತಲೇ ಇತ್ತು. ಆಕೆ ಮೊರದ ಜೋಳವೆಲ್ಲ ಹರಳು ಆರಿಸಿ ಮುಗಿಸಿ, ಮಶೀನಿನ ಕಿವಿಯನ್ನು ನನ್ನ ಕಡೆ ತಿರುಗಿಸಿದಳು.

"ಇಳೀತೇನ ದೇಮಿ?"

ಇಳಿದಿಲ್ಲ ಅಂತ ಆಕೆಗೆ ಕೇಳುತ್ತಿತ್ತು. ನನಗೂ ಗೊತ್ತಿತ್ತು, ಆಕೆಗೆ ಕೇಳುತ್ತಿದೆ ಅಂತ.

"ಇಳೀತು," ಅಂದೆ.

"ಚಲೋ ಆತು," ಅಂದು ಆಕೆ ಮೊರ ಎತ್ತಿಕೊಂಡು ರೊಟ್ಟಿ ಬಡಿಯಲು ಹೋದಳು.